ಬರ್ಬನ್: ಪೀಪಾಯಿ ತುಂಬುವಾಗಿನ ಲೆಕ್ಕ

ಬರ್ಬನ್ ಎಂಬ ಅಮೆರಿಕನ್ ವಿಸ್ಕಿ ಕೆಂಟಕಿಯದ್ದೇ ಆಗಬೇಕೆಂದೇನೂ ಇಲ್ಲ. ಅಮೆರಿಕದ ಯಾವ ರಾಜ್ಯವಾದರೂ ಸರಿ. ಧಾನ್ಯದಲ್ಲಿ ಮೆಕ್ಕೆಜೋಳ ಕನಿಷ್ಠ ಶೇ. 51 ಇರಬೇಕು. ಇದರಲ್ಲಿ ಯಾರೂ ಎಡವುವುದಿಲ್ಲ. ನಾನು ಸಾವಿರ ಕಿಲೋಗೆ 700 ಮೆಕ್ಕೆಜೋಳ, 180 ರೈ ಎಂಬ ಧಾನ್ಯ, 120 ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹಾಕುತ್ತೇನೆ. ಮೆಕ್ಕೆಜೋಳ 90 ಡಿಗ್ರಿ ಸೆಲ್ಸಿಯಸ್ ದಾಟಿ ಬೇಯಬೇಕು. 70ರ ಆಸುಪಾಸಿಗೆ ಇಳಿದಾಗ ರೈ, 64ಕ್ಕೆ ಮಾಲ್ಟ್. ಆತುರಪಟ್ಟು ಬಿಸಿಯಲ್ಲೇ ಮಾಲ್ಟ್ ಸುರಿದರೆ ಕಿಣ್ವ ಕೆಟ್ಟು, ಪಿಷ್ಟ ಸಕ್ಕರೆಯಾಗದೆ ಉಳಿಯುತ್ತದೆ.

ಬಟ್ಟಿ ಇಳಿಸುವಾಗ ಕಾನೂನಿನ ಮಿತಿ 160 ಪ್ರೂಫ್, ಅಂದರೆ ಶೇ. 80 ಆಲ್ಕೋಹಾಲ್. ನಾನು ಶೇ. 70ಕ್ಕೇ ನಿಲ್ಲಿಸುತ್ತೇನೆ; ಮೇಲೇರಿದಷ್ಟೂ ಧಾನ್ಯದ ರುಚಿ ತೆಳುವಾಗುತ್ತದೆ.

ನಿಜವಾದ ಅಪಾಯ ಪೀಪಾಯಿಗೆ ತುಂಬುವಾಗ. ಅಲ್ಲಿ 125 ಪ್ರೂಫ್, ಶೇ. 62.5 ಮೀರುವಂತಿಲ್ಲ. ನನ್ನ ಗುರಿ 124. ಶೇ. 70ರ 200 ಲೀಟರ್ ಮದ್ಯವನ್ನು 62ಕ್ಕೆ ಇಳಿಸಲು ಒಟ್ಟು ಸುಮಾರು 226 ಲೀಟರ್ ಆಗಬೇಕು. ಹಾಗಂತ 26 ಲೀಟರ್ ನೀರು ಅಳೆದು ಸುರಿದರೆ ಲೆಕ್ಕ ಕೂಡುವುದಿಲ್ಲ; ನೀರೂ ಆಲ್ಕೋಹಾಲೂ ಬೆರೆತಾಗ ಗಾತ್ರ ಕುಗ್ಗುತ್ತದೆ, ಮೇಲಾಗಿ ಬಿಸಿಯೂ ಏಳುತ್ತದೆ. ಆದ್ದರಿಂದ ಮೊದಲು 24 ಲೀಟರ್ ಹಾಕಿ, ಚೆನ್ನಾಗಿ ಕದಡಿ, ಆರಲು ಬಿಟ್ಟು ಅಳೆಯುತ್ತೇನೆ, ಉಳಿದದ್ದು ಸ್ವಲ್ಪಸ್ವಲ್ಪವಾಗಿ. ಮದ್ಯದ ಪ್ರೂಫ್ ಅಳೆಯುವ ಹೈಡ್ರೋಮೀಟರ್ ನಿಜ ಹೇಳುವುದು 60 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮಾತ್ರ. ಚಳಿಗಾಲದಲ್ಲಿ ತಣ್ಣಗಿರುವ ಮದ್ಯ 124 ತೋರಿಸಿದರೆ ಅದು ಆಗಲೇ 125 ದಾಟಿರುತ್ತದೆ. ತಾಪಮಾನ ತಿದ್ದುಪಡಿಯ ಕೋಷ್ಟಕ ನೋಡದೆ ಪೀಪಾಯಿಗೆ ಬಿರಡೆ ಹಾಕಬೇಡಿ. ಮುಂದೆ ಗೋದಾಮಿನ ಮೇಲಿನ ಅಂತಸ್ತಿನಲ್ಲಿ ನೀರು ಆರಿ ಪ್ರೂಫ್ ಏರಿದರೆ ಚಿಂತೆಯಿಲ್ಲ. 125 ತುಂಬುವ ಹೊತ್ತಿನ ಮಿತಿ, ಆಮೇಲಿನದ್ದಲ್ಲ.

ಪಾತ್ರೆ ಹೊಸದಾಗಿರಬೇಕು, ಓಕ್ ಆಗಿರಬೇಕು, ಒಳಗೆ ಸುಟ್ಟಿರಬೇಕು. ಎಷ್ಟು ಆಳ ಸುಡಬೇಕೆಂದು ಕಾನೂನು ಹೇಳುವುದಿಲ್ಲ, ಪೀಪಾಯಿಯ ಗಾತ್ರವನ್ನೂ ಹೇಳುವುದಿಲ್ಲ. ಆದರೆ ಒಮ್ಮೆ ಬಳಸಿದ್ದಕ್ಕೆ ಅದೇ ಮದ್ಯ ತುಂಬಿದರೂ ಬರ್ಬನ್ ಎಂಬ ಹೆಸರು ಸಿಗದು. ಹಾಗಾಗಿಯೇ ಖಾಲಿ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹೋಗುತ್ತವೆ. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿ ಕೂಡ ಅವುಗಳಲ್ಲಿ ಸಿಂಗಲ್ ಮಾಲ್ಟ್ ಮಾಗಿಸುತ್ತದೆ.

ಬಾಟಲಿಗೆ ಹೋಗುವಾಗ ಕನಿಷ್ಠ 80 ಪ್ರೂಫ್. ನೀರು ಸೇರಿಸಬಹುದು, ಬಣ್ಣ, ಸುವಾಸನೆ ಕೂಡದು. ಕ್ಯಾರಮೆಲ್ ಬಣ್ಣವನ್ನು ಒಪ್ಪುವ ಸ್ಕಾಚ್‌ಗಿಂತ ಈ ವಿಷಯದಲ್ಲಿ ಬರ್ಬನ್ ಕಟ್ಟುನಿಟ್ಟು.

ವಯಸ್ಸಿನ ಬಗ್ಗೆ ಗೊಂದಲ ಹೆಚ್ಚು. ಬರೀ ‘ಬರ್ಬನ್’ ಎನ್ನಲು ಇಷ್ಟೇ ವರ್ಷ ಎಂಬ ನಿಯಮವಿಲ್ಲ. ‘ಸ್ಟ್ರೈಟ್’ ಎಂದು ಬರೆಯಲು 2 ವರ್ಷ ಬೇಕು, 4 ತುಂಬದಿದ್ದರೆ ವಯಸ್ಸನ್ನು ಲೇಬಲ್‌ನಲ್ಲಿ ನಮೂದಿಸಲೇಬೇಕು. ಹಲವು ಪೀಪಾಯಿ ಬೆರೆಸಿದ್ದರೆ ಎಲ್ಲಕ್ಕಿಂತ ಎಳೆಯದರ ವಯಸ್ಸೇ ಲೆಕ್ಕ. 1897ರ ಕಾಯ್ದೆಯ ‘ಬಾಟಲ್ಡ್ ಇನ್ ಬಾಂಡ್’ ಬೇಕೆಂದರೆ ಒಂದೇ ಡಿಸ್ಟಿಲರಿ, ಒಂದೇ ಋತು, 4 ವರ್ಷ, ಸರಿಯಾಗಿ 100 ಪ್ರೂಫ್. ಋತು ಎಂದರೆ ಜನವರಿಯಿಂದ ಜೂನ್, ಇಲ್ಲವೇ ಜುಲೈಯಿಂದ ಡಿಸೆಂಬರ್. ಜೂನ್ ಕೊನೆಯ ಪೀಪಾಯಿಯನ್ನು ಜುಲೈನದರ ಜೊತೆ ಬೆರೆಸಿದರೆ ಆ ಲೇಬಲ್ ಹಾಕುವಂತಿಲ್ಲ.