ಏಜೆಂಟ್ ಇಲ್ಲದೆ ಹೆಂಡತಿಯ ಹತ್ತಿರ: ನನ್ನ ಬ್ರಿಟನ್ ವೀಸಾದ ಅನುಭವ

"ಒಮ್ಮೆ ರಿಜೆಕ್ಟ್ ಆದ ಮೇಲೆ ಸ್ವಂತ ಅರ್ಜಿ ಹಾಕಬೇಡ ಮಾರಾಯ, ಎರಡನೇ ಸಲವೂ ಹೋಗ್ತದೆ." ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನನಗೆ ಈ ಮಾತು ಹೇಳದವರು ಯಾರೂ ಇರಲಿಲ್ಲ. ಭಾವ ಹೇಳಿದರು. ಹೋಟೆಲಿನ ಸೇಟ್ರು ಹೇಳಿದರು. ಮುಂಬಯಿಯ ಫೋರ್ಟ್ ಪ್ರದೇಶದ ಏಜೆಂಟ್ ಅಂತೂ ಬರೆದು ಕೊಡುತ್ತೇನೆ ಅಂದ. 2024ರ ಜೂನ್ ಕೊನೆಗೆ ನನ್ನ ಸ್ಪೌಸ್ ವೀಸಾ, ಅಂದರೆ ಅಲ್ಲಿರುವ ಹೆಂಡತಿಯ ಜೊತೆ ಇರಲು ಕೊಡುವ ವೀಸಾ, ಬಂತು. ವಕೀಲರಿಲ್ಲ, ಏಜೆಂಟ್ ಇಲ್ಲ. ಡೊಂಬಿವಲಿಯ ಒಂದು ರೂಮು, ಒಂದು ಹಳೇ ಲ್ಯಾಪ್‌ಟಾಪ್, ಮತ್ತೆ ರಾತ್ರಿ ಪಾಳಿ ಮುಗಿಸಿ ಬಂದು ಫೋನಿನಲ್ಲಿ ಕೂರುತ್ತಿದ್ದ ನನ್ನ ಹೆಂಡತಿ. ಇಷ್ಟೇ ನಮ್ಮ ಆಫೀಸು. ಫಾರ್ಮ್ ತುಂಬುವುದು ಹೇಗೆ, ಬೆರಳಚ್ಚು ಎಲ್ಲಿ ಕೊಡುವುದು ಅನ್ನೋದೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಎಡವಿದ ಜಾಗಗಳನ್ನು ಮಾತ್ರ ಹೇಳುತ್ತೇನೆ.

ಮೊದಲು ನಮ್ಮ ಕಥೆ, ಚುಟುಕಾಗಿ. ನಾನು ಏಳನೇ ತರಗತಿ ಮುಗಿಸಿ ಊರಿಂದ ಮುಂಬಯಿಗೆ ಬಂದವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಪಾಸಾದೆ. ಆಮೇಲೆ ಗಲ್ಲೆಗೆ ಬಂದೆ. ಅವಳು ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಮುಂಬಯಿಯ ಆಸ್ಪತ್ರೆಯಲ್ಲಿ ಕೆಲಸ ಮಾಡಿ, 2018ರಲ್ಲಿ ಇಂಗ್ಲೆಂಡಿಗೆ ಹೋದಳು. ಐದು ವರ್ಷ ಕಳೆದು ಅವಳಿಗೆ ಅಲ್ಲಿ ಕಾಯಂ ಇರುವ ಅನುಮತಿ ಸಿಕ್ಕಿತು. 2023ರ ಮೇ ತಿಂಗಳಲ್ಲಿ ಕಟೀಲಿನಲ್ಲಿ ಮದುವೆ. "ಹೆಂಡತಿ ಹಿಂದೆ ಗಂಡ ಹೋಗೋದಾ?" ಅಂತ ಕೇಳಿದವರೂ ಇದ್ದರು. ಅವರಿಗೆ ನಾನು ಉತ್ತರ ಕೊಡಲು ಹೋಗಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಇರಬೇಕಿತ್ತು, ಅಷ್ಟೇ.

ಮೊದಲ ಅರ್ಜಿ ಜುಲೈ 2023. ಏಜೆಂಟ್ 60 ಸಾವಿರ ತೆಗೆದುಕೊಂಡ. ವೀಸಾ ಫೀ 1,538 ಪೌಂಡ್, ಆರೋಗ್ಯ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಮೊದಲೇ ಕಟ್ಟುವ ಹಣ) 1,872 ಪೌಂಡ್. ಆಗ ಪೌಂಡಿಗೆ 105 ರೂಪಾಯಿಯ ಆಸುಪಾಸು. ಏಜೆಂಟ್ ಫೈಲ್ ಕಟ್ಟಿದ್ದು ನೋಡಿದರೆ ಮದುವೆ ಆಲ್ಬಮ್ಮಿನ ಹಾಗಿತ್ತು. ಮುನ್ನೂರಕ್ಕೂ ಜಾಸ್ತಿ ಪುಟ, ಅದರಲ್ಲಿ ನೂರು ಪುಟ ಫೋಟೋ. "ಪೇಪರ್ ಜಾಸ್ತಿ ಇದ್ದಷ್ಟು ಒಳ್ಳೇದು" ಅಂದ. ನಾನೂ ನಂಬಿದೆ.

ಡಿಸೆಂಬರಿನಲ್ಲಿ ಪತ್ರ ಬಂತು, ರಿಜೆಕ್ಟ್. ಮದುವೆಯ ಬಗ್ಗೆ ಅವರಿಗೆ ಒಂದು ಅನುಮಾನವೂ ಇರಲಿಲ್ಲ. ಕೈಕೊಟ್ಟದ್ದು ಹೆಂಡತಿಯ ಆದಾಯ ತೋರಿಸುವ ಪಗಾರದ ಕಾಗದ. ಕಾಯಂ ಅನುಮತಿ ಸಿಕ್ಕ ಕೂಡಲೇ ನನ್ನ ಹೆಂಡತಿ ಮಾರ್ಚಿನಲ್ಲಿ ಬೇರೆ ಆಸ್ಪತ್ರೆಗೆ ಸೇರಿದ್ದಳು. ಜುಲೈಗೆ ಹೊಸ ಕೆಲಸಕ್ಕೆ ನಾಲ್ಕೇ ತಿಂಗಳು. ಒಂದೇ ಕಡೆ ಆರು ತಿಂಗಳು ದುಡಿದವರಿಗೆ 'ಕ್ಯಾಟಗರಿ ಎ', ಆರು ತಿಂಗಳ ಪೇಸ್ಲಿಪ್ ಸಾಕು. ಆರು ತಿಂಗಳು ಆಗಿರದಿದ್ದರೆ 'ಕ್ಯಾಟಗರಿ ಬಿ', ಹಿಂದಿನ ಹನ್ನೆರಡು ತಿಂಗಳ ದುಡಿಮೆ ತೋರಿಸಬೇಕು. ಏಜೆಂಟ್ ಎರಡು ತಿಂಗಳದ್ದು ಹಳೇ ಆಸ್ಪತ್ರೆಯದು, ನಾಲ್ಕು ತಿಂಗಳದ್ದು ಹೊಸ ಆಸ್ಪತ್ರೆಯದು ಸೇರಿಸಿ, ಮೇಲೆ 'ಎ' ಅಂತ ಬರೆದಿದ್ದ. ಮುನ್ನೂರು ಪುಟದಲ್ಲಿ ಬೇಕಾದ ಆರು ಪುಟ ಇರಲಿಲ್ಲ. ಸರ್‌ಚಾರ್ಜ್ ವಾಪಸ್ ಬಂತು, ಸುಮಾರು ಆರು ವಾರ ಆಯಿತು. ಫೀ ವಾಪಸ್ ಬರುವುದಿಲ್ಲ. ಫೀ ಒಂದು ಲಕ್ಷದ ಅರವತ್ತು ಸಾವಿರ, ಏಜೆಂಟಿನ ಅರವತ್ತು ಸಾವಿರ, ಎಲ್ಲ ಹೋಯಿತು. ಆ ರಾತ್ರಿ ಗಲ್ಲೆಯ ಲೆಕ್ಕ ಮೂರು ಸಲ ಎಣಿಸಿದರೂ ತಾಳೆ ಆಗಲಿಲ್ಲ.

ಅದೇ ತಿಂಗಳು ಇನ್ನೊಂದು ಸುದ್ದಿ. ಸ್ಪಾನ್ಸರ್ ಮಾಡುವವರ, ಅಂದರೆ ಅಲ್ಲಿಗೆ ಕರೆಸಿಕೊಳ್ಳುವವರ, ವರ್ಷದ ಆದಾಯ 18,600 ಪೌಂಡ್ ಇದ್ದರೆ ಸಾಕಿತ್ತು. ಅದನ್ನು 38,700ಕ್ಕೆ ಏರಿಸುತ್ತೇವೆ ಅಂತ ಬ್ರಿಟನ್ ಸರ್ಕಾರ ಡಿಸೆಂಬರ್ ಮೊದಲ ವಾರದಲ್ಲಿ ಹೇಳಿತು. ಅವಳ ಪಗಾರ 34 ಸಾವಿರದ ಹತ್ತಿರ. ಫೋನಿನಲ್ಲಿ ಇಬ್ಬರೂ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ತಿಂಗಳ ಕೊನೆಗೆ, ಮೊದಲು 29,000ಕ್ಕೆ ಮಾತ್ರ ಏರಿಸುವುದು ಅಂತ ಆಯಿತು, ಏಪ್ರಿಲ್ 11, 2024ರಿಂದ ಅನ್ನುವ ತಾರೀಕು ಅದರ ಮೇಲೆ ಬಂತು. ಆಗ ಉಸಿರು ಬಂತು. ಆದರೂ ಅವರ ಮನಸ್ಸು ಮತ್ತೆ ಯಾವಾಗ ಬದಲಾಗುತ್ತದೋ ಯಾರಿಗೆ ಗೊತ್ತು? ಏಪ್ರಿಲ್ 11ಕ್ಕೆ ಮೊದಲು ಅರ್ಜಿ ಹಾಕಿದರೆ ಹಳೇ ನಿಯಮ. ನನಗೆ ಅದೇ ಗಡುವು.

ಭಾವ ಅಪೀಲು ಹೋಗು ಅಂದರು. ಅಪೀಲಿನ ದಾರಿ ಇದೆ, ನಿಜ. ಆದರೆ ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು, ವಕೀಲರ ಖರ್ಚು ಬೇರೆ. ನನ್ನದು ಕಾಗದದ ತಪ್ಪು. ತಪ್ಪು ನಮ್ಮ ಕಡೆ ಇರುವಾಗ ವಾದ ಮಾಡಿ ಏನು ಪ್ರಯೋಜನ? ಸರಿಯಾದ ಕಾಗದ ಇಟ್ಟು ಹೊಸ ಅರ್ಜಿ ಹಾಕುವುದು ಅಂತ ತೀರ್ಮಾನ ಮಾಡಿದೆ. ಮಾರ್ಚಿಗೆ ಅವಳಿಗೆ ಹೊಸ ಕೆಲಸದಲ್ಲಿ ವರ್ಷ ತುಂಬುತ್ತಿತ್ತು, 'ಎ' ತಾನಾಗಿ ಸರಿಹೋಗುತ್ತಿತ್ತು.

ಇನ್ನೊಬ್ಬ ಮಾಮ ಬೇರೆ ಉಪಾಯ ಹೇಳಿದರು: ಪಗಾರದ ಗೊಡವೆಯೇ ಬೇಡ, ಊರಿನ ಜಾಗ ಮಾರಿ ಉಳಿತಾಯದ ಹಣ ತೋರಿಸು. ಎರಡು ದಿನ ಅದರ ಲೆಕ್ಕವನ್ನೂ ಹಾಕಿದೆ. ಬರೀ ಉಳಿತಾಯದ ಮೇಲೆ ಹೋಗುವುದಾದರೆ ಹಳೇ ನಿಯಮದಲ್ಲಿ 62,500 ಪೌಂಡ್ ಬೇಕು. ನಮ್ಮ ರೂಪಾಯಿಯಲ್ಲಿ 65 ಲಕ್ಷದ ಹತ್ತಿರ. ಹೊಸ ನಿಯಮದಲ್ಲಿ ಅದು 88,500 ಪೌಂಡ್. ನಮ್ಮ ಹನ್ನೆರಡು ಸೆಂಟ್ಸ್ ಜಾಗಕ್ಕೆ ಅಷ್ಟು ಯಾರು ಕೊಡುತ್ತಾರೆ? ಆ ದಾರಿ ಅಲ್ಲಿಗೇ ಬಿಟ್ಟೆ.

ಇನ್ನು ನನಗೆ ಅತಿ ದುಬಾರಿಯಾದ ತಪ್ಪು. ಫೆಬ್ರವರಿ 6, 2024ರಿಂದ ಸರ್‌ಚಾರ್ಜ್ ವರ್ಷಕ್ಕೆ 624ರಿಂದ 1,035 ಪೌಂಡಿಗೆ ಏರಿತು. ನಮ್ಮ ಮೂವತ್ಮೂರು ತಿಂಗಳ ವೀಸಾಕ್ಕೆ ಮೂರು ವರ್ಷದ ಲೆಕ್ಕ ಹಿಡಿಯುತ್ತಾರೆ. 1,872 ಇದ್ದದ್ದು 3,105 ಆಯಿತು. ಅದಕ್ಕಿಂತ ಮೊದಲೇ ಹಾಕೋಣ ಅಂತ ಜನವರಿಯಲ್ಲೇ ಎಲ್ಲ ಸಿದ್ಧ ಮಾಡಿದ್ದೆ. ತಡವಾದದ್ದು ಕೆಲಸದ ಪತ್ರ. ಆಸ್ಪತ್ರೆಯ ಕಚೇರಿ ಕೊಟ್ಟ ಮೊದಲ ಪತ್ರದಲ್ಲಿ "ಇವರು ನಮ್ಮಲ್ಲಿ ನರ್ಸ್ ಆಗಿದ್ದಾರೆ" ಅಂತ ಮಾತ್ರ ಇತ್ತು. ನಿಯಮ ಕೇಳುವುದು ನಾಲ್ಕು ವಿಷಯ: ಕೆಲಸ ಮತ್ತು ಒಟ್ಟು ಪಗಾರ, ಎಷ್ಟು ಕಾಲದಿಂದ ಅಲ್ಲಿದ್ದಾರೆ, ಈಗಿನ ಪಗಾರ ಎಷ್ಟು ಕಾಲದಿಂದ ಬರುತ್ತಿದೆ, ಕೆಲಸ ಕಾಯಮ್ಮೋ ಕಾಂಟ್ರ್ಯಾಕ್ಟೋ. ಮೂರನೆಯದು ಎಲ್ಲರೂ ಮರೆಯುತ್ತಾರೆ. ತಿದ್ದಿದ ಪತ್ರ ಕೈಗೆ ಬಂದದ್ದು ಫೆಬ್ರವರಿ ಮಧ್ಯದಲ್ಲಿ. ಒಂದು ಪತ್ರ ತಡವಾದದ್ದಕ್ಕೆ 1,233 ಪೌಂಡ್ ಜಾಸ್ತಿ ಕಟ್ಟಿದೆ. ಈಗ ನನ್ನನ್ನು ಕೇಳುವವರಿಗೆ ಮೊದಲ ದಿನವೇ ಈ ನಾಲ್ಕು ಸಾಲು ಬರೆದು ಕೊಡುತ್ತೇನೆ, ಹಾಗೇ ಕಚೇರಿಗೆ ಕಳಿಸಿ ಅನ್ನುತ್ತೇನೆ.

ಬೇರೆ ಕಾಗದಗಳಿಗೂ ಅವುಗಳದ್ದೇ ಆಯಸ್ಸಿದೆ. ಪಗಾರ ಮತ್ತು ಬ್ಯಾಂಕಿನ ಕೊನೆಯ ಕಾಗದ ಅರ್ಜಿಯ ದಿನಕ್ಕೆ 28 ದಿನಕ್ಕಿಂತ ಹಳೇದಾಗಿರಬಾರದು. ಟಿಬಿ ಇಲ್ಲ ಅನ್ನುವ ಸರ್ಟಿಫಿಕೇಟಿಗೆ ಆರು ತಿಂಗಳು. ನನ್ನದು ಜನವರಿಗೇ ಸತ್ತಿತ್ತು. ಮತ್ತೆ ಕ್ಲಿನಿಕ್ಕಿಗೆ ಹೋಗಿ ಸಾಲಿನಲ್ಲಿ ನಿಂತು ಎದೆಯ ಎಕ್ಸ್‌ರೇ ತೆಗೆಸಿದೆ. ಮತ್ತೆ ಎರಡು-ಮೂರು ಸಾವಿರ. ಇಂಗ್ಲಿಷ್ ಪರೀಕ್ಷೆಯದಕ್ಕೆ ಎರಡು ವರ್ಷ ಇರುವುದರಿಂದ ಅದು ಉಳಿಯಿತು. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಕಾಗದ ಸಾಯುವ ದಿನಕ್ಕೆ ಕೆಂಪು ಗುರುತು ಹಾಕಿದ್ದೆ. ಎಲ್ಲ ಕಾಗದವೂ ಒಟ್ಟಿಗೆ ಬದುಕಿರುವ ದಿನಗಳು ಮಾರ್ಚಿನಲ್ಲಿ ಹನ್ನೊಂದೋ ಹನ್ನೆರಡೋ ಸಿಕ್ಕವು. ಅದರ ನಡುವಿನ ದಿನ ಅರ್ಜಿ ಹಾಕಿದೆ.

ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಎರಡು ಮಾತು. ರಾತ್ರಿ ಶಾಲೆಯವನು ಪಾಸಾಗುತ್ತಾನಾ ಅಂತ ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು. ಪರೀಕ್ಷೆಯ ಹೆಸರು ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್, ಹಂತ ಎ1, ಅಂದರೆ ಎಲ್ಲಕ್ಕಿಂತ ಕೆಳಗಿನದು. ಹದಿನೈದು ಸಾವಿರದ ಹತ್ತಿರ ಫೀ. ಬರೆಯುವುದಿಲ್ಲ, ಕೇಳುವುದು ಮತ್ತು ಮಾತಾಡುವುದು ಮಾತ್ರ. ಅಂಕ ಇಲ್ಲ, ಪಾಸ್ ಅಥವಾ ಫೇಲ್. ನಮ್ಮ ಜೊತೆ ಇನ್ನೊಬ್ಬ ಅಭ್ಯರ್ಥಿಯನ್ನು ಕೂರಿಸುತ್ತಾರೆ, ಇಬ್ಬರೂ ಪರಸ್ಪರ ಮಾತಾಡಬೇಕು. ನನ್ನ ಜೊತೆ ಬಂದ ಹುಡುಗಿ ಹೆದರಿ ಕೂತುಬಿಟ್ಟಳು. ನಾನು ಗಲ್ಲೆಯಲ್ಲಿ ಗಿರಾಕಿಗಳ ಹತ್ತಿರ ಕೇಳುವ ಹಾಗೆ "ನಿಮಗೆ ಯಾವ ತಿಂಡಿ ಇಷ್ಟ? ಮನೆಯಲ್ಲಿ ಯಾರು ಮಾಡ್ತಾರೆ?" ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವಳೂ ಮಾತಾಡಿದಳು. ನಾನು ಪಾಸ್. ಅಭ್ಯಾಸಕ್ಕೆ ಒಂದು ತಿಂಗಳು ಡೊಂಬಿವಲಿಯಿಂದ ಸಿಎಸ್‌ಟಿ ಸ್ಟೇಷನ್ನಿನವರೆಗೆ ಲೋಕಲ್ ರೈಲಿನಲ್ಲಿ ನನ್ನ ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನಾನೇ ಕೇಳುತ್ತಿದ್ದೆ. ಕ್ಲಾಸಿಗೆ ಒಂದು ರೂಪಾಯಿ ಕೊಟ್ಟಿಲ್ಲ.

ಸಂಬಂಧ ನಿಜ ಅಂತ ತೋರಿಸುವುದರಲ್ಲಿ ಒಂದು ಪ್ರಯೋಗ ಮಾಡಿ ಸೋತೆ. ಎಲ್ಲರೂ ವಾಟ್ಸಾಪ್ ಚಾಟ್ ಹಾಕುತ್ತಾರಲ್ವಾ? ನಮ್ಮದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ತುಳು. ಇಂಗ್ಲಿಷ್ ಅಲ್ಲದ ಯಾವ ಕಾಗದಕ್ಕೂ ಅನುವಾದ ಬೇಕು. ಅನುವಾದಕರ ಹೆಸರು, ಸಹಿ, ತಾರೀಕು, ಸಂಪರ್ಕ, ಅನುವಾದ ಸರಿಯಾಗಿದೆ ಅನ್ನುವ ಮಾತು, ಎಲ್ಲ ಅದರಲ್ಲಿ ಇರಬೇಕು. ಫೋರ್ಟಿನಲ್ಲಿ ಕನ್ನಡ ಅನುವಾದಕರು ಸಿಕ್ಕರು, ತುಳುವಿನವರು ಸಿಗಲಿಲ್ಲ. ಒಬ್ಬರು "ವಣಸ್ ಆಂಡಾ" ಅನ್ನುವುದನ್ನು ನೋಡಿ, ಇದು ಯಾವ ಭಾಷೆ ಅಂತ ಕೇಳಿದರು. ಊಟ ಆಯ್ತಾ ಅಂತ ಸಾರ್, ದಿನಕ್ಕೆ ಎರಡು ಸಲ ಕೇಳ್ತೇವೆ ಅಂದೆ. ಪುಟಕ್ಕೆ ಇನ್ನೂರೈವತ್ತು ಅಂದರು. ನೂರಾರು ಪುಟ ಊಟದ ವಿಚಾರಣೆಗೆ ಅಷ್ಟು ಹಣ ಎಲ್ಲಿಂದ ತರುವುದು? ಅದನ್ನು ಪೂರ್ತಿ ಬಿಟ್ಟು, ತಿಂಗಳಿಗೆ ಒಂದರಂತೆ ಕರೆಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದೆ. ಕರೆಯ ಪಟ್ಟಿಗೆ ಭಾಷೆ ಇಲ್ಲ. ಅವಳ ವಿಮಾನದ ಟಿಕೆಟ್, ಅವಳು ಕಳಿಸಿದ ಹಣದ ರಸೀದಿ, ಕನ್ನಡದ ಲಗ್ನಪತ್ರಿಕೆ ಮತ್ತು ಅದರ ಅನುವಾದ, ಫೋಟೋ ಹದಿನಾಲ್ಕು. ಪ್ರತಿ ಫೋಟೋದ ಕೆಳಗೆ ಊರು, ತಿಂಗಳು, ಜೊತೆಗಿದ್ದವರು ಯಾರು ಅಂತ ಒಂದು ಸಾಲು.

ಮನೆಯದು ಸುಲಭ. ಅವಳು ಇನ್ನಿಬ್ಬರು ನರ್ಸುಗಳ ಜೊತೆ ಬಾಡಿಗೆ ಮನೆಯಲ್ಲಿದ್ದಳು. ನಮಗೆ ಅಂತಲೇ ಒಂದು ಕೋಣೆ ಇದೆ, ನಾನು ಬಂದು ಇರಬಹುದು ಅಂತ ಮನೆ ಮಾಲೀಕರಿಂದ ಪತ್ರ ಬರೆಸಿದಳು. ಹೆಸರಿನದೂ ಒಂದು ತೊಡಕಿತ್ತು. ಶಾಲೆಯ ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿಗೆ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ನೂರು ರೂಪಾಯಿಯ ಸ್ಟ್ಯಾಂಪ್ ಪೇಪರಿನಲ್ಲಿ ಅಫಿಡವಿಟ್ ಮಾಡಿಸಿ ಸೇರಿಸಿದೆ.

ಎರಡನೇ ಫೈಲ್ ಒಟ್ಟು ತೊಂಬತ್ತು ಚಿಲ್ಲರೆ ಪುಟ. ಮೊದಲ ಪುಟ ಸೂಚಿ. ಪೇಸ್ಲಿಪ್ಪಿನ ಪ್ರತಿ ಪಗಾರಕ್ಕೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದು ಜಮಾ ಆದ ಸಾಲು ಯಾವ ಪುಟದಲ್ಲಿದೆ ಅಂತ ಅಲ್ಲೇ ಬರೆದೆ. ಗಲ್ಲೆಯಲ್ಲಿ ಬಿಲ್ಲು ಮತ್ತು ರೋಕಡ್ ತಾಳೆ ನೋಡುವ ಅಭ್ಯಾಸ ಇಪ್ಪತ್ತು ವರ್ಷದ್ದು, ಅದು ಇಲ್ಲಿ ಕೆಲಸಕ್ಕೆ ಬಂತು. ಹಿಂದಿನ ರಿಜೆಕ್ಷನ್ ಮುಚ್ಚಿಡಲಿಲ್ಲ, ಮುಚ್ಚಿಡಲೂಬಾರದು. ಪತ್ರದ ಎರಡನೇ ಪ್ಯಾರಾದಲ್ಲೇ ಅದನ್ನು ಎತ್ತಿ ಉತ್ತರ ಕೊಟ್ಟೆ. ಮೊದಲ ಪ್ಯಾರಾದಲ್ಲಿ ಏನು ಬರೆದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಕೈಗುಣ. ಎದುರು ಕೂತು ಕೇಳಿದವರಿಗೆ ಹೇಳುತ್ತೇನೆ. ಎಕ್ಸ್‌ರೇಗೆ ಬೇಗ ತಾರೀಕು ಸಿಕ್ಕಿದ್ದು ಹೇಗೆ ಅನ್ನುವುದೂ ಹಾಗೆಯೇ.

ಹಣ: ಫೀ 1,846 ಪೌಂಡ್, ಸರ್‌ಚಾರ್ಜ್ 3,105. ಎರಡೂ ಸೇರಿ ಐದೂಕಾಲು ಲಕ್ಷದ ಹತ್ತಿರ. ಕಾಗದ ನಾನೇ ಅಪ್‌ಲೋಡ್ ಮಾಡಿದ್ದರಿಂದ ಸ್ಕ್ಯಾನಿಂಗಿನ ಖರ್ಚು ಉಳಿಯಿತು. 500 ಪೌಂಡ್ ಕೊಟ್ಟರೆ ಬೇಗ ನೋಡುವ ವ್ಯವಸ್ಥೆ ಇತ್ತು. ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಸೊಸೈಟಿಯ ಸಾಲ ಮೈಮೇಲಿತ್ತು.

ಆಮೇಲೆ ಕಾಯುವುದು. ಸಾಮಾನ್ಯಕ್ಕೆ 24 ವಾರ ಅಂತ ಹೇಳಿದ್ದರು. ನನಗೆ ಮೂರು ತಿಂಗಳ ಮೇಲೆ ಒಂದು ಹದಿನೈದು ದಿನ ಆಗಿರಬಹುದು. ಆ ದಿನಗಳಲ್ಲಿ ಈಮೇಲ್ ನೋಡುವುದಕ್ಕೆ ಹೊತ್ತು ನಿಗದಿ ಮಾಡಿಕೊಂಡೆ. ಬೆಳಗ್ಗೆ ಲೋಕಲ್ ಹತ್ತುವ ಮೊದಲು ಒಮ್ಮೆ, ರಾತ್ರಿ ಶಟರ್ ಎಳೆದ ಮೇಲೆ ಒಮ್ಮೆ. ಮೊದಲ ಸಲ ದಿನಕ್ಕೆ ನಲವತ್ತು ಸಲ ನೋಡಿ ತಲೆ ಕೆಟ್ಟಿತ್ತು. ಪಾಸ್‌ಪೋರ್ಟ್ ಲಕೋಟೆ ಕೈಗೆ ಬಂದಾಗ ಅಲ್ಲೇ ಫುಟ್‌ಪಾತಿನಲ್ಲಿ ಒಡೆದೆ. ಇಂಗ್ಲೆಂಡಿನ ಒಳಗೆ ಹೋಗಲು 90 ದಿನದ ಸ್ಟಿಕ್ಕರ್. ಮಳೆ ಬರುತ್ತಿತ್ತು. ಪಾಸ್‌ಪೋರ್ಟನ್ನು ಬನಿಯನ್ನಿನ ಒಳಗೆ ಇಟ್ಟುಕೊಂಡು ಸ್ಟೇಷನ್ನಿಗೆ ನಡೆದೆ.

ಇಂಗ್ಲೆಂಡಿಗೆ ಬಂದ ಮೇಲೆ ಪೋಸ್ಟ್ ಆಫೀಸಿನಲ್ಲಿ ವಾಸದ ಅನುಮತಿಯ ಕಾರ್ಡ್ ಕೊಟ್ಟರು. ಅದರಲ್ಲಿ ಡಿಸೆಂಬರ್ 31, 2024ಕ್ಕೆ ಮುಗಿಯುತ್ತದೆ ಅಂತ ಇತ್ತು. ಎದೆ ಧಸಕ್ ಅಂತು. ಕಾರ್ಡಿನ ಬದಲು ಆನ್‌ಲೈನ್ ಇ-ವೀಸಾ ತರುತ್ತಿರುವುದರಿಂದ ಎಲ್ಲರ ಕಾರ್ಡಿನಲ್ಲೂ ಅದೇ ತಾರೀಕು, ವೀಸಾ ಮಾತ್ರ ಪೂರ್ತಿ ಇದೆ ಅಂತ ಹೆಂಡತಿ ಹೇಳಿದಳು. ನಿಮಗೆ ಬಂದ ನಿರ್ಧಾರದ ಪತ್ರ ಜೋಪಾನವಾಗಿಡಿ, ನಿಜವಾದ ತಾರೀಕು ಅದರಲ್ಲಿ ಇರುತ್ತದೆ.

ನನ್ನ ಫೈಲಿನ ಒಂದು ಪ್ರತಿ ಡೊಂಬಿವಲಿಯಲ್ಲಿ ಗೆಳೆಯನ ಹತ್ತಿರ ಬಿಟ್ಟು ಬಂದಿದ್ದೇನೆ. ಅದನ್ನು ನೋಡಿ ಇಬ್ಬರು ಅರ್ಜಿ ಹಾಕಿದರು, ಇಬ್ಬರಿಗೂ ಬಂತು. ಈಗ ಘಾಟ್‌ಕೋಪರಿನ ಒಬ್ಬಳು ತಂಗಿ ಕೇಳುತ್ತಿದ್ದಾಳೆ. ಅವಳ ಗಂಡನ ಪಗಾರ 29,000 ದಾಟಿ ಎರಡೇ ತಿಂಗಳಾಗಿದೆ. ಏಜೆಂಟ್ ಈಗಲೇ ಹಾಕು ಅಂದನಂತೆ. ಆರು ತಿಂಗಳಲ್ಲಿ ಅತಿ ಕಡಿಮೆ ಬಂದ ಪಗಾರವನ್ನೇ ಅವರು ಲೆಕ್ಕಕ್ಕೆ ಹಿಡಿಯುವುದು, ಇನ್ನೂ ನಾಲ್ಕು ಪೇಸ್ಲಿಪ್ ಬರಲಿ, ಟಿಬಿ ಎಕ್ಸ್‌ರೇ ಈಗಲೇ ಮಾಡಿಸಬೇಡಮ್ಮಾ ಅಂದಿದ್ದೇನೆ. ಕಾಯುತ್ತಿದ್ದಾಳೆ.