ಹೊಟ್ಟೆ ಚಿಕ್ಕದಾದ ಮೇಲೆ ಅಡುಗೆಮನೆಯ ಲೆಕ್ಕ

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು ಈಗ ನಮ್ಮ ಕೊಡಗಿನ ಮದುವೆ ಪಂಕ್ತಿಗಳಲ್ಲೂ ಕಣ್ಣಿಗೆ ಬೀಳುತ್ತಾರೆ. ಮೊದಲ ವರ್ಷ ಊರೆಲ್ಲ ಹೊಗಳುತ್ತದೆ, ಇವರೂ ಹಳೆಯ ಫೋಟೋ ತೋರಿಸಿಕೊಂಡು ಓಡಾಡುತ್ತಾರೆ. ಎರಡನೆಯ ವರ್ಷ ದಾಟುತ್ತಿದ್ದಂತೆ ರವಿಕೆಯ ಹೊಲಿಗೆ ಬಿಚ್ಚಿಸಲು ದರ್ಜಿಯ ಮನೆಗೆ ಅಲೆದಾಟ ಶುರು. ಕೇಳಿದರೆ, ‘ನಾನು ತಿನ್ನುವುದೇ ಇಷ್ಟು, ಆಂಟಿ’ ಎಂದು ಬೆರಳ ತುದಿ ತೋರಿಸುತ್ತಾರೆ. ತಿನ್ನುವುದು ಅಷ್ಟೇ ಇರಬಹುದು. ದಿನವಿಡೀ ಕುಡಿಯುವುದನ್ನು, ಟಿವಿ ಮುಂದೆ ಕೂತು ಕುರುಕುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಾನೂ ಈ ಆಪರೇಷನ್ ಮಾಡಿಸಿಕೊಂಡವಳೇ. ಸಕ್ಕರೆ ಕಾಯಿಲೆ ಮತ್ತು ಮಂಡಿ ಸೇರಿ ನನ್ನನ್ನು ಅಲ್ಲಿಗೆ ಕಳಿಸಿದವು. ವರ್ಷಗಳೇ ಕಳೆದಿವೆ, ಇಳಿದ ತೂಕ ಹೆಚ್ಚುಕಡಿಮೆ ಇಳಿದಲ್ಲೇ ನಿಂತಿದೆ. ಹಾಗಾಗಿ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಸ್ಲೀವ್ ಎನ್ನುವ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. ಬೈಪಾಸ್ ಎನ್ನುವ ಇನ್ನೊಂದು ಬಗೆಯಲ್ಲಿ ಜಠರದಲ್ಲೇ ಸಣ್ಣದೊಂದು ಚೀಲ ಮಾಡಿ, ಅದನ್ನು ನೇರವಾಗಿ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ತೂಕ ತಳ ಮುಟ್ಟುವುದು ಒಂದರಿಂದ ಎರಡು ವರ್ಷದೊಳಗೆ. ಆಮೇಲೆ ಹಸಿವು ಮೆಲ್ಲಗೆ ಮರಳುತ್ತದೆ, ತುತ್ತು ಸ್ವಲ್ಪ ಹೆಚ್ಚು ಹಿಡಿಸುತ್ತದೆ. ನಿಜವಾದ ಪಥ್ಯ ಶುರುವಾಗಬೇಕಾದದ್ದು ಆ ಹೊತ್ತಿಗೆ, ನಮ್ಮ ಮಕ್ಕಳು ಪಥ್ಯ ಬಿಡುವುದೂ ಸರಿಯಾಗಿ ಆ ಹೊತ್ತಿಗೇ.

ಮೊದಲು ನೀರಿನ ವಿಷಯ. ಊಟದ ತಟ್ಟೆಯ ಪಕ್ಕ ಲೋಟ ಇಡಬೇಡಿ. ಊಟದ ಜೊತೆ ನೀರು ಕುಡಿದರೆ ಆ ಪುಟ್ಟ ಚೀಲದಲ್ಲಿ ಊಟಕ್ಕೆ ಜಾಗ ಸಾಲದು, ಹೊಟ್ಟೆ ಸಂಕಟ ಬೇರೆ. ಊಟ ಮುಗಿದು ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ ಕುಡಿಯಿರಿ, ದಿನದ ನೀರನ್ನು ಮಾತ್ರ ತಪ್ಪಿಸಬೇಡಿ. ನಮ್ಮ ಮನೆಯಲ್ಲಿ ನೀರಿನ ಹೂಜಿಯನ್ನು ಊಟದ ಕೋಣೆಯಿಂದಲೇ ಹೊರಗೆ ಹಾಕಿದ್ದೇನೆ. ಬಂದ ನೆಂಟರು ಗೊಣಗುತ್ತಾರೆ, ಗೊಣಗಲಿ.

ಇನ್ನು ಬೆಲ್ಲದ ಕಾಫಿ. ಬೆಳಿಗ್ಗೆ ಎದ್ದರೆ ಒಂದು, ಕೆಲಸದವರು ಬಂದರೆ ಒಂದು, ಮಳೆ ಬಂದರೆ ಒಂದು, ಮಳೆ ನಿಂತರೆ ಇನ್ನೊಂದು. ‘ಸಕ್ಕರೆ ಹಾಕುವುದಿಲ್ಲ, ಬೆಲ್ಲ ತಾನೇ’ ಎನ್ನುವವರಿಗೆ ಏನು ಹೇಳುವುದು! ಬೆಲ್ಲವಾಗಲಿ, ನಮ್ಮ ಕೊಡಗಿನ ಜೇನಾಗಲಿ, ದೇಹದ ಮಟ್ಟಿಗೆ ಸಕ್ಕರೆಯೇ. ಬೈಪಾಸ್ ಆದವರಿಗೆ ಸಿಹಿ ಒಮ್ಮೆಗೇ ಕರುಳಿಗೆ ಇಳಿದು ಬೆವರು, ಎದೆ ಬಡಿತ, ಬೇಧಿ ಆಗುವುದುಂಟು. ಹಾಗೆ ಆಗದವರು ತಮಗೆ ಸಿಹಿ ಒಗ್ಗುತ್ತದೆ ಎಂದು ಬೀಗುತ್ತಾರೆ, ತೂಕ ಏರುವುದೂ ಅವರದೇ. ಬೇಕಿದ್ದರೆ ಕಾಫಿಗೆ ಬರೀ ಹಾಲು ಹಾಕಿ ಕುಡಿಯಿರಿ. ಸಿಹಿಯಿಲ್ಲದೆ ಕುಡಿಯಲಾಗದಿದ್ದರೆ ನಿಮ್ಮ ತೋಟದ ಕಾಫಿಯಲ್ಲೇ ಏನೋ ದೋಷವಿದೆ.

ತಟ್ಟೆಗೆ ಬನ್ನಿ. ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿ, ಎಲ್ಲವೂ ಅಕ್ಕಿಯೇ. ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ, ಬಿಟ್ಟರೆ ಕೊಡಗಿನಲ್ಲಿ ಬದುಕುವುದು ಹೇಗೆ? ಆದರೆ ಅವು ತಟ್ಟೆಗೆ ಕೊನೆಯಲ್ಲಿ ಬರಲಿ. ಮೊದಲು ಮೊಟ್ಟೆ, ಮೀನು, ಕೋಳಿ ಅಥವಾ ಬೇಯಿಸಿದ ಕಾಳು. ಆಮೇಲೆ ಸೊಪ್ಪು, ಬೈಂಬಳೆ ಎನ್ನುವ ಎಳೆ ಬಿದಿರು, ಕುಮ್ಮು ಎನ್ನುವ ಅಣಬೆ. ಜಾಗ ಉಳಿದರೆ ಒಂದು ಪುಟ್ಟ ಕಡಂಬುಟ್ಟು. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು ಎನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ ಆಸುಪಾಸು ಮಾತ್ರ. ಅಕ್ಕಿಯಿಂದ ಹೊಟ್ಟೆ ತುಂಬಿಸಿಕೊಂಡ ಮೇಲೆ ಉಳಿದದ್ದನ್ನು ಎಲ್ಲಿ ಇಡುತ್ತೀರಿ?

ಮಾಂಸ ಗಂಟಲ ಕೆಳಗೆ ಸಿಕ್ಕಿಕೊಂಡು ನಿಲ್ಲುತ್ತದೆ ಎಂಬ ದೂರನ್ನು ಬಹಳ ಜನರಿಂದ ಕೇಳಿದ್ದೇನೆ. ಒಣಗಿದ ಕೋಳಿಯನ್ನು ಎರಡು ಸಲ ಅಗಿದು ನುಂಗಿದರೆ ಇನ್ನೇನಾಗುತ್ತದೆ? ಆಗ ಕೋಳಿಯನ್ನು ದೂರ ತಳ್ಳಿ ಬಿಸ್ಕತ್ತಿಗೆ ಕೈ ಹಾಕುತ್ತಾರೆ, ಬಿಸ್ಕತ್ತು ಬಾಯಲ್ಲಿ ಕರಗಿ ಸರಾಗವಾಗಿ ಇಳಿಯುತ್ತದಲ್ಲ. ಕೆಟ್ಟುಹೋಗುವುದೇ ಅಲ್ಲಿ. ಇದಕ್ಕೆ ನನ್ನ ಬಳಿ ಇರುವ ಮದ್ದು ಕಟ್ಟಿದ ಮೊಸರು. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುತ್ತದೆ ಎನ್ನಬೇಡಿ. ಹಣ್ಣಿನ ಚಿತ್ರ ಹಾಕಿದ ಡಬ್ಬಿಯ ಹಿಂಬದಿ ಓದಿ ನೋಡಿ, ಎಷ್ಟು ಸಕ್ಕರೆ ಸುರಿದಿದ್ದಾರೆಂದು ಗೊತ್ತಾಗುತ್ತದೆ.

ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಉಕ್ಕಿದ ಮೇಲೂ ಸ್ವಲ್ಪ ಹೊತ್ತು ಒಲೆಯ ಮೇಲೆ ಬಿಡಿ. ಆರಿದಾಗ ಕಟ್ಟಿದ ಕೆನೆಯನ್ನು ತೆಗೆದುಬಿಡಿ. ಕಿರುಬೆರಳು ಅದ್ದಿ ನಿಧಾನವಾಗಿ ಹತ್ತು ಎಣಿಸಿ. ಬೆರಳು ತಡೆದುಕೊಂಡರೆ ಹೆಪ್ಪು ಹಾಕುವ ಹದ. ಹೆಪ್ಪನ್ನು ಹಾಲಿಗೆ ಹಾಕಿ ಗರಗರ ತಿರುಗಿಸುವುದು ಈಗಿನವರ ಪದ್ಧತಿ, ನನ್ನದು ಬೇರೆ. ಮಣ್ಣಿನ ಕುಡಿಕೆಯ ಒಳಮೈಗೆ ಹೆಪ್ಪನ್ನು ಬೆರಳಿನಿಂದ ಸುತ್ತ ಸವರಿ, ಹಾಲನ್ನು ಅಂಚಿನಿಂದ ಇಳಿಬಿಡಬೇಕು. ಆಮೇಲೆ ಅಲುಗಿಸಬಾರದು. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ನಮ್ಮಲ್ಲಿ ಮೊಸರು ಹೆಪ್ಪುಗಟ್ಟುವುದೇ ಇಲ್ಲ, ಹಾಲು ಮುನಿಸಿಕೊಂಡಂತೆ ಹಾಗೇ ಕೂತಿರುತ್ತದೆ. ಅವ್ವ ಆಗ ಕುಡಿಕೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಅಕ್ಕಿಯ ಪೆಟ್ಟಿಗೆಯಲ್ಲಿ ಕತ್ತಿನವರೆಗೆ ಹೂತಿಡುತ್ತಿದ್ದಳು. ನಾವು ಮಕ್ಕಳು ಅಕ್ಕಿ ತೆಗೆಯಲು ಹೋಗಿ ಕುಡಿಕೆ ಅಲುಗಿಸಿದರೆ ಬೆನ್ನಿಗೆ ಬೀಳುತ್ತಿತ್ತು. ಈಗಲೂ ನನ್ನ ಅಕ್ಕಿಯ ಡಬ್ಬದಲ್ಲಿ ಒಂದು ಕುಡಿಕೆಯ ಜಾಗ ಬಿಟ್ಟಿದ್ದೇನೆ. ಸೊಸೆ ನಗುತ್ತಾಳೆ, ಮೊಸರು ತಿನ್ನುವಾಗ ನಗುವುದಿಲ್ಲ.

ಮೊಸರು ಹುಳಿಯಾಗುವ ಮೊದಲೇ ಬಟ್ಟೆಗೆ ಹಾಕಬೇಕು. ಬಟ್ಟೆ ಎಂದರೆ ಉಟ್ಟು ಉಟ್ಟು ಮೆತ್ತಗಾದ ಬಿಳಿ ಪಂಚೆಯ ತುಂಡು. ಹೊಸ ಬಟ್ಟೆಯ ಗಂಜಿ ನೀರು ಬಿಡಲು ಬಿಡುವುದಿಲ್ಲ. ಸೋಪಿನಪುಡಿ ಮುಟ್ಟಿಸದೆ ಬಿಸಿನೀರಿನಲ್ಲಿ ಕುದಿಸಿ, ಹಿಂಡಿ, ಪಾತ್ರೆಯ ಮೇಲೆ ಹಾಸಿ. ಮೊಸರನ್ನು ಸೌಟಿನಿಂದ ಪದರ ಪದರವಾಗಿ ಎತ್ತಿ ಹಾಕಿ, ಕಲಕಬೇಡಿ. ನಾಲ್ಕು ಮೂಲೆ ಸೇರಿಸಿ ಸಡಿಲವಾಗಿ ಗಂಟು ಹಾಕಿ ನೇತುಹಾಕಿ, ಕೆಳಗೆ ಪಾತ್ರೆ ಇಡಿ. ಅವಸರಕ್ಕೆ ಕೈಯಿಂದ ಹಿಂಡಿದಿರೋ, ಗಟ್ಟಿಯಾಗಬೇಕಾದದ್ದೆಲ್ಲ ಬಟ್ಟೆಯಿಂದ ಹೊರಗೆ. ಮಳೆಗಾಲದ ಚಳಿಯಲ್ಲಿ ರಾತ್ರಿಯಿಡೀ ಗೂಟದಲ್ಲೇ ಇರಲಿ, ಬೇಸಿಗೆಯಲ್ಲಿ ಜರಡಿಯ ಮೇಲಿಟ್ಟು ಫ್ರಿಜ್‌ಗೆ ಸೇರಿಸಿ. ಬೆಳಿಗ್ಗೆ ಬಟ್ಟೆ ಬಿಡಿಸಿದರೆ ಮುದ್ದೆ ಅಂಟದೆ ಕಳಚಿಕೊಳ್ಳಬೇಕು, ಸೌಟು ನೆಟ್ಟರೆ ನಿಲ್ಲಬೇಕು. ಅದನ್ನು ಮರದ ಸೌಟಿನಿಂದ ಚೆನ್ನಾಗಿ ಬಡಿದು, ಉಪ್ಪು, ಆಗಷ್ಟೇ ಕುಟ್ಟಿದ ನಮ್ಮದೇ ಬಳ್ಳಿಯ ಕಾಳುಮೆಣಸು, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೇರಿಸಿ. ಬೆಂದ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ ಇದರಲ್ಲಿ ಕಲಸಿ. ಚಹಾದ ಚಮಚದಲ್ಲಿ ತಿನ್ನಿ, ಒಂದು ಚಮಚಕ್ಕೂ ಇನ್ನೊಂದಕ್ಕೂ ನಡುವೆ ಚಮಚ ಕೆಳಗಿಡಿ. ಸಿಕ್ಕಿಕೊಳ್ಳುವುದೂ ಇಲ್ಲ, ಮಧ್ಯಾಹ್ನದವರೆಗೆ ಬಿಸ್ಕತ್ತಿನ ನೆನಪೂ ಬರುವುದಿಲ್ಲ.

ಕೆಳಗೆ ಇಳಿದ ನೀರನ್ನು ಚೆಲ್ಲುವವರನ್ನು ನೋಡಿದರೆ ಮೈ ಉರಿಯುತ್ತದೆ. ಅದನ್ನು ಒಂದು ದಿನ ಹುಳಿಯಲು ಬಿಟ್ಟು, ಸ್ವಲ್ಪ ಉಪ್ಪು ಬೆರೆಸಿ ನೆಲ್ಲಕ್ಕಿಯ, ಅಂದರೆ ಮನೆಯ ನಡುಕೋಣೆಯ, ತೂಗುದೀಪ ಉಜ್ಜಿ ನೋಡಿ. ಹಿತ್ತಾಳೆ ಬೆಳಗುತ್ತದೆ, ಪೇಟೆಯ ಪುಡಿಯಿಂದ ಬೀಳುವ ಗೀರೂ ಇಲ್ಲ. ಉಜ್ಜಿದ ಕೂಡಲೇ ತೊಳೆದು ಒರೆಸಿ, ಇಲ್ಲವಾದರೆ ಹಸಿರು ಕಟ್ಟುತ್ತದೆ.

ಪಂದಿ ಕರಿಯ, ಅಂದರೆ ನಮ್ಮ ಹಂದಿ ಮಾಂಸದ ಸಾರಿನ, ಬಗ್ಗೆ ಕೇಳದೆ ಬಿಡುವವರಿಲ್ಲ. ಹಿಂದಿನ ದಿನವೇ ಮಾಡಿಡಿ. ನಮ್ಮ ಚಳಿಗೆ ಕೊಬ್ಬು ರಾತ್ರಿಯಲ್ಲಿ ಮೇಲೆ ತೇಲಿ ಬಿಳಿಯ ಹೆಪ್ಪಾಗಿರುತ್ತದೆ, ಎತ್ತಿ ತೆಗೆಯಿರಿ. ಕಾಚಂಪುಳಿ ಎನ್ನುವ ಕಪ್ಪು ಹುಳಿ ಹಾಕಿದ ಸಾರು ಮರುದಿನವೇ ರುಚಿ. ಕೊಬ್ಬಿಲ್ಲದ ತುಂಡನ್ನು ಉಗುರಿನಷ್ಟು ಕತ್ತರಿಸಿ, ಬಾಯಲ್ಲಿ ನುಣ್ಣಗಾಗುವವರೆಗೆ ಅಗಿಯಿರಿ. ಆಗಸ್ಟ್ 3ರಂದು ಮದ್ದು ಸೊಪ್ಪಿನ ರಸದಲ್ಲಿ ಮಾಡುವ ಮದ್ದು ಪಾಯಸ ಒಂದು ಚಮಚ ಸಾಕು, ವರ್ಷದಲ್ಲಿ ಬರುವುದೇ ಒಮ್ಮೆ ಎಂದು ಬಟ್ಟಲು ತುಂಬಿಸಿಕೊಳ್ಳಬೇಡಿ. ಕೈಲ್‌ಪೊಳ್ದು ಇದೆ, ಪುತ್ತರಿ ಇದೆ, ವರ್ಷಕ್ಕೊಮ್ಮೆ ಬರುವ ಹಬ್ಬಗಳಿಗೆ ಲೆಕ್ಕವೇನು?

ನಡಿಗೆ ಎಂದರೆ ತೋಟದಲ್ಲಿ ನಿಂತು ಕಾಫಿ ಕುಯ್ಯುವವರನ್ನು ನೋಡುವುದಲ್ಲ, ಜೀಪಿನಲ್ಲಿ ತೋಟ ಸುತ್ತುವುದಂತೂ ಅಲ್ಲವೇ ಅಲ್ಲ. ಉಸಿರು ಏರಬೇಕು, ಮಾತಾಡಬಹುದು ಆದರೆ ಹಾಡಲಾಗಬಾರದು. ವಾರಕ್ಕೆ 150 ನಿಮಿಷ ಕನಿಷ್ಠ, ಇಳಿದ ತೂಕ ಉಳಿಸಿಕೊಳ್ಳಲು ಅದಕ್ಕಿಂತ ಹೆಚ್ಚೇ ಬೇಕು. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ, ಆನೆಗೆ ನಿಮ್ಮ ಪಥ್ಯ ಗೊತ್ತಿಲ್ಲ. ನಡಿಗೆಯೊಂದೇ ಸಾಲದು. ತೂಕ ಬೇಗ ಇಳಿಯುವಾಗ ಮಾಂಸಖಂಡವೂ ಕರಗುತ್ತದೆ, ಅದು ಕರಗಿದರೆ ದೇಹ ಕೂತಲ್ಲಿ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಮೆಟ್ಟಿಲು ಹತ್ತಿ ಇಳಿಯುವುದು, ನೀರು ತುಂಬಿದ ಬಾಟಲಿ ಎತ್ತುವುದು, ಇವಕ್ಕೆ ಮಳೆಯೂ ಜಿಗಣೆಯೂ ಅಡ್ಡಿಯಿಲ್ಲ. ಕಾಫಿ ಒಣಗುವ ಕಾಲದಲ್ಲಿ ಕಣದಲ್ಲಿ ಹಣ್ಣು ಕೆದಕುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಕ್ಕೆ ಪ್ರತಿ ವರ್ಷ ಹೋಗಿ, ಗ್ಯಾಲರಿಯಲ್ಲಿ ಚಿಪ್ಸ್ ತಿಂದು ಬಂದು ಆಟದ ಮಾತಾಡುವವರಿಗೆ ಇದನ್ನು ಎರಡು ಸಲ ಹೇಳಬೇಕು.

ಮದ್ಯದ ಮಾತು ನಮ್ಮಲ್ಲಿ ಕಷ್ಟ, ಆದರೂ ಹೇಳುತ್ತೇನೆ. ಈ ಆಪರೇಷನ್ ಆದವರಿಗೆ, ಅದರಲ್ಲೂ ಬೈಪಾಸ್ ಆದವರಿಗೆ, ಅದು ಬೇಗ ತಲೆಗೇರುತ್ತದೆ, ಹೆಚ್ಚು ಹೊತ್ತು ಇಳಿಯದು, ಚಟವಾಗುವ ಅಪಾಯವೂ ಹೆಚ್ಚು. ಮದುವೆ ಮನೆಯಲ್ಲಿ ಬಲವಂತ ಮಾಡುವ ಬಾವಂದಿರು ಮರುದಿನ ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ.

ಮಾತ್ರೆಗಳು ಜೀವನಪೂರ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಯಾವುದು ಎಷ್ಟೆಂದು ನಿಮ್ಮ ವೈದ್ಯರೇ ಹೇಳಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆಯ ಅಂತರ ಇರಲಿ. ಕಾಫಿಯ ಜೊತೆ ಕಬ್ಬಿಣದ ಮಾತ್ರೆ ತೆಗೆದುಕೊಂಡರೆ ಅದರ ಬಹುಪಾಲು ಮೈಗೆ ಹತ್ತುವುದಿಲ್ಲ. ಮಂಡಿ ನೋವಿಗೆಂದು ಔಷಧಿ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗುವ ಅಭ್ಯಾಸವನ್ನು ಬೈಪಾಸ್ ಆದವರು ಬಿಡಲೇಬೇಕು, ಹುಣ್ಣಾಗುತ್ತದೆ. ವಾರಕ್ಕೊಮ್ಮೆ ಒಂದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಏರುತ್ತಲೇ ಹೋದರೆ ನಾಚಿಕೆಪಟ್ಟು ಮನೆಯಲ್ಲಿ ಕೂರದೆ, ಆಪರೇಷನ್ ಮಾಡಿದ ವೈದ್ಯರ ಬಳಿಗೇ ಹೋಗಿ. ಹೋಗುವಾಗ ಹಳೆಯ ರಕ್ತಪರೀಕ್ಷೆಯ ಕಾಗದಗಳನ್ನೂ ತೆಗೆದುಕೊಂಡು ಹೋಗಿ. ಅವು ನಿಮ್ಮ ಕಪಾಟಿನಲ್ಲಿ ಗೆದ್ದಲು ತಿನ್ನಲೆಂದು ಕೊಟ್ಟದ್ದಲ್ಲ.