ಕ್ಲಚ್ ಬ್ಲೀಡಿಂಗ್: ಕೆಳಗಿಂದ ಆಯಿಲ್ ಏರಿಸಿದ ನನ್ನ ಅನುಭವ

ಗಾಡಿಯ ಕ್ಲಚ್ ಲೈನಲ್ಲಿ (ಪೆಡಲ್ ಒತ್ತಿದ್ದನ್ನ ಕ್ಲಚ್ಚಿಗೆ ಮುಟ್ಟಿಸೋ ಆಯಿಲ್ ಪೈಪು) ಸೇರ್ಕೊಂಡ ಗಾಳಿ ತೆಗೆಯೋಕೆ, ಅಂದ್ರೆ ಬ್ಲೀಡ್ ಮಾಡೋಕೆ, ಕೆಳಗಿಂದ ಸಿರಿಂಜಲ್ಲಿ ಬ್ರೇಕ್ ಆಯಿಲ್ ಏರಿಸ್ತೀನಿ ಅಂದಾಗ ಪರಿಚಯದ ಮೆಕ್ಯಾನಿಕ್ಕು, ನಮ್ಮ ಭಾವ, ಎಲ್ರೂ ಬೇಡ ಅಂದ್ರು. ಆರು ತಿಂಗಳಾಯ್ತು, ಗೇರ್ ಸಲೀಸಾಗಿ ಬೀಳ್ತಿದೆ, ರಿವರ್ಸ್ ಹಾಕುವಾಗ ಕರ್ರ್ ಅನ್ನೋ ಸದ್ದೂ ಇಲ್ಲ, ಅದಕ್ಕೇ ಬರೀತಿದೀನಿ.

ಶುರುವಾಗಿದ್ದು ಸ್ಲೇವ್ ಸಿಲಿಂಡರ್ (ಲೈನಿನ ಕೆಳ ತುದೀಲಿ ಕ್ಲಚ್ ತಳ್ಳೋ ಭಾಗ) ಬದಲಾಯಿಸಿದ ಮೇಲೆ. ಮಾಮೂಲಿ ತರ ಒಬ್ರು ಪೆಡಲ್ ಒತ್ತೋದು ಒಬ್ರು ಕೆಳಗಿನ ನಿಪ್ಪಲ್ (ಗಾಳಿ ಹೊರಗೆ ಬಿಡೋ ಸಣ್ಣ ಸ್ಕ್ರೂ) ಸಡಿಲ ಮಾಡೋದು, ಅರ್ಧ ದಿನ ಮಾಡಿದ್ವಿ. ಕೆಳಗೆ ಹೋದ ಪೆಡಲ್ ಮೇಲಕ್ಕೆ ಬರ್ಲೇ ಇಲ್ಲ, ಕಾಲ್ಬೆರಳಲ್ಲಿ ಎತ್ತಬೇಕಿತ್ತು. ಅರ್ಧ ಲೀಟರಿನ ಡಬ್ಬಿ ಎರಡು ಖಾಲಿ. ಆಮೇಲೆ ನಿಪ್ಪಲಿಂದ ಆಯಿಲ್ ಎಳೆಯೋ ವ್ಯಾಕ್ಯೂಮ್ ಪಂಪ್ ತಂದೆ, ಅದಕ್ಕೆ ಹಾಕಿದ ದುಡ್ಡಲ್ಲಿ ಗ್ಯಾರೇಜಲ್ಲೇ ಕೆಲಸ ಮುಗೀತಿತ್ತು. ಟ್ಯೂಬಲ್ಲಿ ಗುಳ್ಳೆ ನಿಲ್ತಾನೇ ಇಲ್ಲ, ಲೈನಲ್ಲಿ ಇನ್ನೂ ಏರ್ ಇದೆ ಅಂತ ಎಳೀತಾ ಕೂತೆ, ನೋಡಿದ್ರೆ ಅದು ನಿಪ್ಪಲ್ ಥ್ರೆಡ್ ಸಂದಿಯಿಂದ ನುಗ್ತಿದ್ದ ಹೊರಗಿನ ಗಾಳಿ.

ರಾತ್ರಿಯೆಲ್ಲಾ ಪೆಡಲಿಗೆ ಕೋಲು ಕೊಟ್ಟು ಒತ್ತಿ ಇಟ್ಟೂ ನೋಡ್ದೆ. ಬೆಳಿಗ್ಗೆ ಒಂಚೂರು ಗಟ್ಟಿ ಅನ್ನಿಸ್ತು, ಎರಡನೇ ರಾತ್ರಿ ಏನೂ ಬದಲಾಗ್ಲಿಲ್ಲ.

ಕ್ಲಚ್ ಪೆಡಲ್ ಒಂದ್ಸಲ ಒತ್ತಿದ್ರೆ ಹೋಗೋ ಆಯಿಲ್ಲೇ ಸ್ವಲ್ಪ. ಪೈಪ್ ಮೇಲೆದ್ದು ಬಾಗಿರೋ ಜಾಗದಲ್ಲಿ ಗುಳ್ಳೆ ಕೂತಿರುತ್ತೆ, ನಾವು ಒತ್ತಿದಾಗ ಇಷ್ಟು ಇಳಿಯುತ್ತೆ, ಬಿಟ್ಟಾಗ ಮತ್ತೆ ಅಲ್ಲೇ ಏರಿ ಕೂರುತ್ತೆ. ಮೇಲೆ ಹೋಗ್ಬೇಕಾದ್ದನ್ನ ಕೆಳಗೆ ತಳ್ತಾ ಇದ್ವಿ ನಾವು! 60 ಎಂಎಲ್ ಸಿರಿಂಜು, ಪಾರದರ್ಶಕ ಟ್ಯೂಬು, ಅಷ್ಟೇ ಸಾಮಾನು. ಮೊದ್ಲು ಲೈನಿಗೆ ಆಯಿಲ್ ಕೊಡೋ ಮೇಲಿನ ಡಬ್ಬಿಯಿಂದ ಅರ್ಧ ಆಯಿಲ್ ತೆಗೆದೆ, ಇಲ್ಲಾಂದ್ರೆ ಉಕ್ಕಿ ಪೇಂಟ್ ಮೇಲೆ ಬಿದ್ದು ಪೇಂಟನ್ನೇ ತಿನ್ನುತ್ತೆ, ಬಿದ್ರೆ ತಕ್ಷಣ ನೀರು ಹುಯ್ಯಿರಿ. ಟ್ಯೂಬಲ್ಲಿ ಗಾಳಿ ಇಲ್ಲದ ಹಾಗೆ ತುಂಬಿಸ್ಕೊಂಡು, ನಿಪ್ಪಲ್ ಮುಕ್ಕಾಲು ಸುತ್ತು ಬಿಟ್ಟು, ನಿಧಾನಕ್ಕೆ ಒತ್ತಿದೆ. ಎರಡನೇ ಸಿರಿಂಜಿಗೆ ಮೇಲೆ ಬುಳಬುಳ ಅಂತ ದಪ್ಪ ಗುಳ್ಳೆಗಳು ಬಂದ್ವು, ನಾಲ್ಕನೇದಕ್ಕೆ ಪೆಡಲ್ ಕಲ್ಲಿನ ತರ. ಒಟ್ಟು ಇಪ್ಪತ್ತು ನಿಮಿಷ ಇರಬಹುದು. ಒತ್ತುವಾಗ ಟ್ಯೂಬ್ ನಿಪ್ಪಲಿಂದ ಹಾರದ ಹಾಗೆ ಹಿಡಿಯೋಕೆ ನಂದೇ ಒಂದು ಉಪಾಯ ಇದೆ, ಅದು ನನ್ನ ಹತ್ರಾನೇ ಇರ್ಲಿ.

ಬ್ರೇಕಿಗೆ ಮಾತ್ರ ಇದನ್ನ ಮಾಡ್ಲಿಲ್ಲ, ಕ್ಯಾಲಿಪರಲ್ಲಿ (ಚಕ್ರದ ಬ್ರೇಕ್ ಡಿಸ್ಕ್ ಹಿಡಿಯೋ ಭಾಗ) ಕೂತಿರೋ ಕೊಳೆ ಎಲ್ಲಾ ಎಬಿಎಸ್ ಯೂನಿಟ್ಟಿಗೆ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು) ಹೋಗುತ್ತೆ. ಅಲ್ಲಿ ನಿಪ್ಪಲ್ ಸಡಿಲ ಮಾಡಿ ಆಯಿಲ್ ತಾನಾಗೇ ಇಳಿಯೋಕೆ ಬಿಟ್ಟೆ, ಕೊನೇಲಿ ಮೆಲ್ಲಗೆ ಪೆಡಲ್ ಒತ್ತಿ ಮುಗಿಸ್ದೆ. ಪೆಡಲ್ ಕೆಳಗೆ ಮರದ ತುಂಡು ಇಡೋದು ಮರೀಬೇಡಿ, ಹಳೇ ಮಾಸ್ಟರ್ ಸಿಲಿಂಡರಲ್ಲಿ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಭಾಗ) ಪಿಸ್ಟನ್ ಯಾವತ್ತೂ ಹೋಗದ ತುದೀಲಿ ತುಕ್ಕು ಇರುತ್ತೆ, ಅಲ್ಲಿವರೆಗೂ ಒತ್ತಿದ್ರೆ ಸೀಲ್ ಹರಿಯುತ್ತೆ. ನಂಗೆ ಒಂದು ಮಾಸ್ಟರ್ ಸಿಲಿಂಡರ್ ಸೀಲ್ ಕಿಟ್ ಹೋಗಿದ್ದು ಹೀಗೇ. ಮುಂದಿನ ಕ್ಯಾಲಿಪರ್ ಎರಡನ್ನೂ ಒಮ್ಮೆ ಎಡಬಲ ಅದಲುಬದಲು ಹಾಕಿಬಿಟ್ಟಿದ್ದೆ, ನಿಪ್ಪಲ್ ಕೆಳಗಡೆ ಬಂದಿತ್ತು, ಗಾಳಿ ಮೇಲೇ ಉಳೀತಿತ್ತು, ಎಷ್ಟು ಬ್ಲೀಡ್ ಮಾಡಿದ್ರೂ ಪೆಡಲ್ ಸ್ಪಂಜು! ಎರಡು ಭಾನುವಾರ ಹಾಳಾದ್ವು.

ಆಯಿಲ್ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ), ಸೀಲ್ ಒಡೆಯದ ಹೊಸ ಡಬ್ಬಿ. ಹೊಸದಾಗಿದ್ದಾಗ ಕುದಿಯೋ ಮಟ್ಟ ಕಮ್ಮಿ ಅಂದ್ರೂ 230 ಡಿಗ್ರಿ ಸೆಲ್ಸಿಯಸ್, ನೀರು ಹೀರ್ಕೊಂಡ ಮೇಲೆ 155ರ ಹತ್ರ ಇಳಿಯುತ್ತೆ, ಅದಕ್ಕೆ ಹೋದ ವರ್ಷದ ತೆರೆದ ಡಬ್ಬಿಗೆ ನಾನು ಕೈಯೇ ಹಾಕಲ್ಲ. ಗಾಡಿ ಹೊರಗೆ ತೆಗೆಯೋ ಮುಂಚೆ ಇಂಜಿನ್ ಆನ್ ಮಾಡಿ ಬ್ರೇಕ್ ಒಂದು ನಿಮಿಷ ಒತ್ತಿ ಹಿಡಿದೆ, ಪೆಡಲ್ ಇಳೀಲಿಲ್ಲ, ನಿಪ್ಪಲ್‌ಗಳೂ ಒಣಗೇ ಇದ್ವು.

ಬೇಡ ಅಂದಿದ್ದ ಭಾವ ಹೋದ ತಿಂಗಳು ತಮ್ಮ ಗಾಡೀನೇ ತಂದು ನಿಲ್ಸಿದ್ರು. ಅದ್ರಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗಿದೆ, ನಿಪ್ಪಲ್ ಮಾತ್ರ ಹೊರಗೆ, ಮೂರು ಸಿರಿಂಜಿಗೇ ಮುಗೀತು.